ಗುಡಿಸಿನ ದೀರ್ಘ

ತ್ವಷ್ಟೃವಿನ ಕಥೆಯನ್ನು ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಕೇಳಿರುತ್ತಾರೆ. ತನ್ನ ಮಗನಾದ ವಿಶ್ವರೂಪನನ್ನು ಕೊಂದ ಇಂದ್ರನ ಮೇಲೆ ಹಗೆ ತೀರಿಸಿಕೊಳ್ಳಬೇಕೆಂದು ಆತನು ಯಾಗ ಮಾಡಿದನು. ಇಂದ್ರನನ್ನು ಕೊಲ್ಲತಕ್ಕ ಮಗನೊಬ್ಬನು ಹುಟ್ಟಿ ಬೆಳೆಯಬೇಕೆಂಬುದು ಸಂಕಲ್ಪ. ದ್ರವ್ಯಕ್ಕೆ ಕೊರತೆಯಿರಲಿಲ್ಲ, ಶ್ರದ್ಧೆಗೆ ಕೊರತೆಯಿರಲಿಲ್ಲ, ಕೋಪಕ್ಕಂತೂ ಮೊದಲೇ ಇರಲಿಲ್ಲ. ಆದರೆ ‘ಇಂದ್ರಶತ್ರು’ ಎಂಬ ಒಂದು ಪದವನ್ನು ಉಚ್ಚರಿಸುವಾಗ ಉದಾತ್ತಸ್ವರವು ಕೊನೆಯಲ್ಲಿ ಬರುವ ಬದಲು ಮೊದಲಲ್ಲಿ ಬಂದುಬಿಟ್ಟಿತು. ಕೊನೆಯಲ್ಲಿ ಬಂದಿದ್ದರೆ ಅದು ತತ್ಪುರುಷ. ಇಂದ್ರನನ್ನು ಕೊಲ್ಲುವವನು ಎಂದರ್ಥ. ಮೊದಲಲ್ಲಿ ಬಂದದ್ದರಿಂದ ಅದು ಬಹುವ್ರೀಹಿಯಾಯಿತು. ಇಂದ್ರನು ಯಾರನ್ನು ಕೊಲ್ಲುವನೋ ಅವನು ಎಂದರ್ಥವಾಯಿತು. ದೇವತೆಗಳು ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟರು. ವೃತ್ರನು ಹುಟ್ಟಿದನು, ಬೆಳೆದನು, ಇಂದ್ರನ ಕೈಯಲ್ಲಿ ಸತ್ತನು.

ಈ ಕಥೆಯನ್ನು ಕೇಳಿದ ಹುಡುಗರಲ್ಲಿ ಒಬ್ಬನಾದರೂ ಎದ್ದುನಿಂತು, “ದೇವತೆಗಳಿಗೆ ತ್ವಷ್ಟೃವಿನ ಮನಸ್ಸು ತಿಳಿಯಲಿಲ್ಲವೇ?” ಎಂದು ಕೇಳುವುದುಂಟು. ಅದಕ್ಕೆ ಹಳೆಯ ಕಾಲದ ಉಪಾಧ್ಯಾಯರ ಉತ್ತರ ಒಂದೇ: “ಮನಸ್ಸು ತಿಳಿಯುವುದು ತಾಯಿಗೆ. ಮಂತ್ರಕ್ಕೆ ಮಾತು ಮಾತ್ರ ತಿಳಿಯುತ್ತದೆ.”

ಇಂಥ ಯಾಗಗಳು ಲೋಕದಿಂದ ಹೋದವೆಂದು ನಂಬಿರುವವರು ರಾತ್ರಿ ಹನ್ನೊಂದು ಗಂಟೆಯ ಮೇಲೆ ಬೆಂಗಳೂರಿನ ಯಾವುದಾದರೊಂದು ಗಾಜಿನ ಸೌಧದ ಎದುರಿಗೆ ನಿಂತು ನೋಡತಕ್ಕದ್ದು. ದೀಪಗಳು ಉರಿಯುತ್ತಿರುತ್ತವೆ. ಒಳಗೆ ನೂರಾರು ತ್ವಷ್ಟೃಗಳು ಕುಳಿತಿರುತ್ತಾರೆ. ಅಗ್ನಿಕುಂಡದ ಸ್ಥಾನದಲ್ಲಿ ಹೊಳೆಯುವ ಪರದೆ. ಆಜ್ಯದ ಸ್ಥಾನದಲ್ಲಿ ಕಾಫಿ. ಒಬ್ಬೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿಗೆ ಏನೋ ಒಂದನ್ನು ಮಾಡೆಂದು ವಿಧಿಸಿರುತ್ತಾರೆ. ಅದು ಮತ್ತೇನನ್ನೋ ಮಾಡಿರುತ್ತದೆ. ತಾನು ಹೇಳಿದ್ದೇನು, ಅದು ಮಾಡಿದ್ದೇನು ಎಂದು ಹಣೆಯ ಮೇಲೆ ಕೈಯಿಟ್ಟುಕೊಂಡು ಯೋಚಿಸುವುದೇ ಅವರ ಉದ್ಯೋಗ. ಈ ವಿಧಿವಾಕ್ಯಗಳ ಮಾಲೆಗೆ ಪ್ರೋಗ್ರಾಮು ಎಂದು ಹೆಸರು.

ಬಾಗಿಲು ನೋಡಿಕೊಂಡಿರು ಎಂದು ಯಜಮಾನನು ಹೇಳಿಹೋದರೆ, ಬಾಗಿಲನ್ನು ಕಿತ್ತು ತಲೆಯ ಮೇಲೆ ಹೊತ್ತುಕೊಂಡು ಜಾತ್ರೆಗೆ ಹೊರಟ ಆಳಿನ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅಂಥ ಆಳನ್ನು ಲಕ್ಷಾಂತರ ರೂಪಾಯಿ ಕೊಟ್ಟು ಮನೆಗೆ ತಂದು ಕೂರಿಸಿಕೊಳ್ಳುವ ಕಾಲ ಬಂದೀತೆಂದು ಅವರಲ್ಲಿ ಯಾರೂ ಎಣಿಸಿರಲಿಕ್ಕಿಲ್ಲ. ಕಂಪ್ಯೂಟರಿನ ಗುಣವೂ ದೋಷವೂ ಒಂದೇ: ಅದು ವಿಧೇಯ. ಆಲಸ್ಯವಿಲ್ಲ, ಮರೆವಿಲ್ಲ, ಎದುರುಮಾತಿಲ್ಲ. ಹಾಗೆಯೇ ‘ಸ್ವಾಮಿ, ತಾವು ಹೀಗೆಂದಿರಿ, ಆದರೆ ತಮ್ಮ ಅಭಿಪ್ರಾಯ ಹಾಗಿದ್ದೀತು’ ಎಂದು ಕೇಳುವ ದಾಕ್ಷಿಣ್ಯವೂ ಇಲ್ಲ.

ಈ ವಿದ್ಯೆಗೆ ಹೊಸದಾಗಿ ಬಂದವರ ಮೊದಲ ಕಷ್ಟವು ಚಿಹ್ನೆಗಳದು. ವಾಕ್ಯದ ಕೊನೆಯಲ್ಲಿ ಒಂದು ಅರ್ಧವಿರಾಮವನ್ನು ಬಿಟ್ಟರೆ ಯಂತ್ರವು ಮುಂದಕ್ಕೆ ಕದಲುವುದಿಲ್ಲ. ಬಿಟ್ಟದ್ದು ಎಲ್ಲಿ ಎಂದು ಹೇಳುವುದಾದರೂ ಸರಿಯಾಗಿ ಹೇಳುತ್ತದೆಯೇ? ಹನ್ನೆರಡನೆಯ ಸಾಲಿನಲ್ಲಿ ಬಿಟ್ಟ ಚಿಹ್ನೆಗೆ ಹದಿಮೂರನೆಯ ಸಾಲಿನಲ್ಲಿ ದೋಷವಿದೆಯೆಂದು ದೂರುತ್ತದೆ. ಆವರಣಚಿಹ್ನೆಯನ್ನು ಮುಚ್ಚಲು ಮರೆತಿದ್ದರಂತೂ ಗ್ರಂಥದ ಕಟ್ಟಕಡೆಯ ಸಾಲಿನವರೆಗೂ ಹೋಗಿ ಅಲ್ಲಿ ಕುಳಿತು ಅಳುತ್ತದೆ. ಬಾಗಿಲಲ್ಲಿ ಎಡವಿದವನು ಹಿತ್ತಿಲಿಗೆ ಹೋಗಿ ಕೂಗಿಕೊಂಡಂತೆ.

ಎರಡನೆಯದು ಎಣಿಕೆಯ ಕಷ್ಟ. ಕಣದಲ್ಲಿ ರಾಶಿ ಅಳೆಯುವ ರೈತನು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾನೆ. ಅಲ್ಲಿಂದ ಮುಂದೆ ಎರಡು, ಮೂರು. ಕಂಪ್ಯೂಟರಿನ ಅನೇಕ ಭಾಷೆಗಳಲ್ಲಿ ಮೊದಲನೆಯದಕ್ಕೆ ‘ಸೊನ್ನೆ’ ಎಂದು ಹೆಸರು. ರೈತನು ಲಾಭದಿಂದ ತೊಡಗಿದರೆ ಇವರು ಶೂನ್ಯದಿಂದ ತೊಡಗುತ್ತಾರೆ. ಹತ್ತು ಕೊಳಗವಿದ್ದರೆ ಕೊನೆಯದು ಒಂಬತ್ತನೆಯದು. ‘ಹತ್ತನೆಯದನ್ನು ತಾ’ ಎಂದವನಿಗೆ ಅಂಥದ್ದಿಲ್ಲವೆಂಬ ಉತ್ತರವೋ, ಪಕ್ಕದ ಕಣದ ಧಾನ್ಯವೋ ಸಿಕ್ಕುತ್ತದೆ. ಸೊನ್ನೆಯೊಡನೆ ಲೆಕ್ಕ ಮಾಡುವ ವಿಧಿಗಳನ್ನು ಬ್ರಹ್ಮಗುಪ್ತನು 628ರಲ್ಲಿಯೇ ಬರೆದಿಟ್ಟನು. ಆ ನಾಡಿನ ತರುಣರು ಆ ಸೊನ್ನೆಯಿಂದಲೇ ದಿನಕ್ಕೊಮ್ಮೆ ಪೆಟ್ಟು ತಿನ್ನುತ್ತಿರುವುದನ್ನು ಋಣಾನುಬಂಧವೆಂದೇ ಹೇಳಬೇಕು.

ಇನ್ನು ಮೂರನೆಯದು ಎಲ್ಲಕ್ಕಿಂತ ಹಿರಿದು. ತಪ್ಪನ್ನು ತೋರಿಸಲು ಯಾರನ್ನಾದರೂ ಕರೆತಂದರೆ ತಪ್ಪು ಮಾಯವಾಗಿರುತ್ತದೆ. ವೈದ್ಯರ ಮನೆಯ ಜಗಲಿಯನ್ನು ಹತ್ತಿದೊಡನೆ ನಿಲ್ಲುವ ಹಲ್ಲುನೋವಿನಂತೆ. ಸರಿಯಾದ ಪ್ರೋಗ್ರಾಮನ್ನು ತೋರಿಸಲು ಕರೆತಂದರೆ ಅದು ಆಗಲೇ ಕೆಟ್ಟಿರುತ್ತದೆ. “ನನ್ನ ಯಂತ್ರದಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು” ಎಂದು ಪ್ರೋಗ್ರಾಮರು ಹೇಳುವಾಗ, “ಮನೆಯಲ್ಲಿ ಬರುತ್ತಿತ್ತು ಸಾರ್” ಎಂದು ಕಂಠಪಾಠ ಒಪ್ಪಿಸಲಾರದೆ ನಿಂತ ಹುಡುಗನ ಮುಖವೇ ಅವರದಾಗಿರುತ್ತದೆ. ಒಂದು ದೋಷವನ್ನು ಕಡಿದರೆ ಆ ಜಾಗದಲ್ಲಿ ಎರಡು ಏಳುತ್ತವೆ. ರಕ್ತಬೀಜನ ಸಂತಾನವು ನಿಶ್ಶೇಷವಾಗಲಿಲ್ಲವೆಂಬುದಕ್ಕೆ ಇದೊಂದೇ ಪ್ರಮಾಣ ಸಾಕು. ಆರು ತಿಂಗಳ ಹಿಂದೆ ಬರೆದದ್ದನ್ನು ತೆರೆದು, ಇದನ್ನು ಬರೆದ ಮೂಢನು ಯಾರೆಂದು ಕೋಪದಿಂದ ವಿಚಾರಿಸಿ, ಅದು ತಾನೇ ಎಂದು ತಿಳಿದು ಸುಮ್ಮನಾದವರು ಒಬ್ಬಿಬ್ಬರಲ್ಲ.

ಇಷ್ಟಾದರೂ ಇವರು ಪುಣ್ಯವಂತರೆಂದೇ ಹೇಳಬೇಕು. ಇವರ ತಪ್ಪನ್ನು ಇವರ ಯಂತ್ರವಾದರೂ ಆಗಾಗ ಹೇಳುತ್ತದೆ. ಪಾಣಿನಿಗೆ ಆ ಸೌಕರ್ಯವಿರಲಿಲ್ಲ. ಸುಮಾರು 4000 ಸೂತ್ರಗಳನ್ನು ಆತನು ಒಂದಕ್ಕೊಂದು ಕೊಂಡಿ ಹಾಕಿ ಕಟ್ಟಿದನು. ಎರಡು ವಿಧಿಗಳು ಒಂದೇ ಸ್ಥಳದಲ್ಲಿ ಜಗಳವಾಡಿದರೆ ಯಾವುದು ಗೆಲ್ಲಬೇಕು, ಯಾವ ವಿಧಿಯ ಕಾರ್ಯವು ಯಾವುದರ ಕಣ್ಣಿಗೆ ಬೀಳಬಾರದು ಎಂಬುದಕ್ಕೂ ವಿಧಿಗಳನ್ನಿಟ್ಟನು. 1967ರಲ್ಲಿ ಪೀಟರ್ ಇಂಗರ್ಮನ್ ಎಂಬವರು, ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಬರೆಯಲು ಬಳಸುವ ಒಂದು ಲೇಖನಕ್ರಮಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದರು. ಪಾಣಿನಿಯಾದ ಮೇಲೆ ಕಾತ್ಯಾಯನನು ಬಂದು ವಾರ್ತಿಕಗಳನ್ನು ಬರೆದನು. ಉಕ್ತವಾದದ್ದು, ಅನುಕ್ತವಾದದ್ದು, ದುರುಕ್ತವಾದದ್ದು—ಅಂದರೆ ಹೇಳಿದ್ದು, ಹೇಳದೆ ಬಿಟ್ಟದ್ದು, ಕೆಟ್ಟದಾಗಿ ಹೇಳಿದ್ದು—ಈ ಮೂರನ್ನೂ ವಿಚಾರಿಸುವುದು ವಾರ್ತಿಕದ ಲಕ್ಷಣ. ಪ್ರೋಗ್ರಾಮಿನ ದೋಷಗಳನ್ನು ಗಂಟೆಗಟ್ಟಲೆ ವಿಂಗಡಿಸಿದರೂ ಕೊನೆಗೆ ಉಳಿಯುವುದು ಇವೇ ಎರಡು ರಾಶಿ: ಅನುಕ್ತ, ದುರುಕ್ತ. ಯಂತ್ರದ ತಪ್ಪೆಂಬ ಮೂರನೆಯ ರಾಶಿಯೊಂದಿದೆಯೆಂದು ಪ್ರತಿಯೊಬ್ಬರೂ ನಂಬುತ್ತಾರೆ. ಹುಡುಕಿದಾಗ ಅಪರೂಪಕ್ಕೆ ಸಿಕ್ಕುವುದೂ ಉಂಟು.

1947ರ ಸೆಪ್ಟೆಂಬರ್ 9ರಂದು ಸಿಕ್ಕಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಯಂತ್ರವು ಕೆಟ್ಟು ನಿಂತಾಗ ಬಿಚ್ಚಿ ನೋಡಿದರೆ, ಅದರ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳುವೊಂದು ಸಿಕ್ಕಿತೆಂದು ವಿನೋದವಾಗಿ ಬರೆದಿಟ್ಟರು. ಯಂತ್ರದೋಷಕ್ಕೆ ‘ಬಗ್’, ಅಂದರೆ ಹುಳು, ಎನ್ನುವ ವಾಡಿಕೆ ಅದಕ್ಕೂ ಹಿಂದಿನದು. ಎಡಿಸನ್ನನು 1878ರಲ್ಲಿಯೇ ಆ ಮಾತನ್ನು ಬಳಸಿದ್ದನು. ಅಂದಿನಿಂದ ಇಂದಿನವರೆಗೆ ಪ್ರೋಗ್ರಾಮರುಗಳು ತಮ್ಮ ತಪ್ಪನ್ನು ಹುಳುವೆಂದೇ ಕರೆಯುತ್ತಾರೆ. ಎಷ್ಟು ಅನುಕೂಲವಾದ ಹೆಸರು! ಹುಳುವಿಗೆ ರೆಕ್ಕೆಯಿದೆ, ಅದು ಕಿಟಕಿಯಿಂದ ತಾನಾಗಿಯೇ ಒಳಗೆ ಬಂದಿರಬಹುದು, ಅದಕ್ಕೆ ಯಾರು ಹೊಣೆ? ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಪಂಡಿತರು 1988ರಲ್ಲಿ ಇದನ್ನೇ ಆಕ್ಷೇಪಿಸಿ, ಹುಳುವೆನ್ನುವುದನ್ನು ಬಿಟ್ಟು ತಪ್ಪೆಂದೇ ಕರೆಯಿರಿ ಎಂದು ಹೇಳಿದರು. ಅವರ ಮಾತಿಗೆ ಎಲ್ಲರೂ ತಲೆದೂಗಿದರು. ಹುಳುವೆನ್ನುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ತಪ್ಪನ್ನು ತಪ್ಪೆಂದೇ ಮೊದಲು ಗುರುತಿಸಿದವರಲ್ಲಿ ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ ಒಬ್ಬರು. ಕೇಂಬ್ರಿಜ್ಜಿನಲ್ಲಿ ಅವರ ನೇತೃತ್ವದಲ್ಲಿ ನಿರ್ಮಾಣವಾದ ಎಡ್ಸ್ಯಾಕ್ ಎಂಬ ಯಂತ್ರವು 1949ರ ಮೇ 6ರಂದು ಮೊದಲ ಸಲ ನಡೆಯಿತು. ಆಮೇಲೆ ಗಣಿತದ ಒಂದು ಸಮೀಕರಣವನ್ನು ಬಿಡಿಸುವುದಕ್ಕೆ ವಿಲ್ಕ್ಸರು ಪ್ರೋಗ್ರಾಮೊಂದನ್ನು ಬರೆದರು. ಅದರಲ್ಲಿ 126 ಆಜ್ಞೆಗಳು. ತಪ್ಪುಗಳು ಸುಮಾರು 20. ಯಂತ್ರವಿದ್ದ ಕೋಣೆಗೂ ಕಾಗದದ ಪಟ್ಟಿಗೆ ರಂಧ್ರ ಹಾಕುವ ಕೋಣೆಗೂ ನಡುವೆ ಮೆಟ್ಟಿಲು. ತಿದ್ದುವುದು, ಏರುವುದು, ಕೆಡುವುದು, ಇಳಿಯುವುದು. ಹೀಗೆ ಒಂದು ದಿನ ಆ ಮೆಟ್ಟಿಲಿನ ತಿರುವಿನಲ್ಲಿ ನಿಂತಾಗ, ತಮ್ಮ ಉಳಿದ ಆಯುಸ್ಸಿನ ಬಹುಭಾಗವು ತಮ್ಮ ತಪ್ಪುಗಳನ್ನು ತಾವೇ ಹುಡುಕುವುದರಲ್ಲಿ ಕಳೆಯಲಿದೆಯೆಂದು ಅವರಿಗೆ ಥಟ್ಟನೆ ಹೊಳೆಯಿತಂತೆ. ಹಾಗೆಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬೋಧಿವೃಕ್ಷದ ಕೆಳಗೆ ಆದದ್ದು ದುಃಖದಿಂದ ಬಿಡುಗಡೆಯ ಜ್ಞಾನ; ಮೆಟ್ಟಿಲಿನ ತಿರುವಿನಲ್ಲಿ ಆದದ್ದು ಬಿಡುಗಡೆಯಿಲ್ಲವೆಂಬ ಜ್ಞಾನ. ಆಗ ವಿಲ್ಕ್ಸರಿಗೆ ಸುಮಾರು 36 ವಯಸ್ಸು. ಅವರು ತೀರಿಕೊಂಡದ್ದು 2010ರಲ್ಲಿ, 97ನೆಯ ವಯಸ್ಸಿನಲ್ಲಿ. ಆಯುಸ್ಸಿಗೇನೂ ಕೊರತೆಯಾಗಲಿಲ್ಲ, ತಪ್ಪುಗಳಿಗೂ ಆಗಿರಲಾರದು.

ಒಂದು ಕೋಣೆಯೊಳಗಿನ ಈ ವಿನೋದವು ಹೊರಗೆ ಹೊರಟಾಗ ವಿನೋದವಾಗಿ ಉಳಿಯುವುದಿಲ್ಲ. 1962ರ ಜುಲೈ 22ರಂದು ಶುಕ್ರಗ್ರಹದ ಕಡೆಗೆ ಅಮೆರಿಕದವರು ಹಾರಿಸಿದ ಮ್ಯಾರಿನರ್ 1 ದಾರಿತಪ್ಪಿತು. ಐದು ನಿಮಿಷ ತುಂಬುವ ಮೊದಲೇ ಅದನ್ನು ತಾವೇ ಸಿಡಿಸಬೇಕಾಯಿತು. ಕಾರಣಗಳಲ್ಲಿ ಒಂದು, ಬರೆಹದಲ್ಲಿ ಬಿಟ್ಟುಹೋದ ಒಂದು ಸಣ್ಣ ಗೆರೆ: ಅನುಕ್ತ. 1996ರ ಜೂನ್ 4ರಂದು ಐರೋಪ್ಯರ ಏರಿಯಾನ್ 5 ಎಂಬ ರಾಕೆಟ್ಟು ಮೇಲೆದ್ದು ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಹಳೆಯ ಏರಿಯಾನ್ 4ಕ್ಕೆಂದು ಬರೆದಿದ್ದ ಪ್ರೋಗ್ರಾಮಿನ ಭಾಗವೊಂದನ್ನು ಹಾಗೆಯೇ ಇದಕ್ಕೆ ತಂದಿದ್ದರು. ಅದರಲ್ಲೊಂದು ಅಂಕೆಯನ್ನು ತುಂಬಲು ಇಟ್ಟಿದ್ದ ಪಾತ್ರೆಯು 32,767ಕ್ಕಿಂತ ಹೆಚ್ಚನ್ನು ಹಿಡಿಯಲಾರದು; ಹೊಸ ರಾಕೆಟ್ಟಿನ ವೇಗವು ಅದನ್ನು ಮೀರಿತು. ಆ ಲೆಕ್ಕವಾದರೂ ಮೇಲೆದ್ದ ಮೇಲೆ ಬೇಕಾಗಿಯೇ ಇರಲಿಲ್ಲ. ಮದುವೆ ಮುಗಿದ ಮೇಲೂ ಊದುತ್ತಿದ್ದ ನಾಗಸ್ವರದಿಂದ ಚಪ್ಪರ ಕುಸಿದಂತಾಯಿತು. 1999ರ ಸೆಪ್ಟೆಂಬರ್ 23ರಂದು ಮಂಗಳಗ್ರಹದ ಬಳಿ ಕಳೆದುಹೋದ ನೌಕೆಯ ವಿಷಯದಲ್ಲಿ, ಒಂದು ಕಡೆಯವರು ಪೌಂಡಿನ ಮಾನದಲ್ಲಿ ಲೆಕ್ಕ ಕೊಟ್ಟಿದ್ದರು; ಮತ್ತೊಂದು ಕಡೆಯವರು ಅದನ್ನು ಮೆಟ್ರಿಕ್ ಮಾನವೆಂದು ಓದಿದ್ದರು. ಪಾವಿನಲ್ಲಿ ಅಳೆದುಕೊಟ್ಟದ್ದನ್ನು ಸೇರಿನ ಲೆಕ್ಕಕ್ಕೆ ಬರೆದುಕೊಂಡ ಅಂಗಡಿಯಲ್ಲಿ ಆಗುವುದೇ ಅಲ್ಲಿಯೂ ಆಯಿತು.

ಇವುಗಳಲ್ಲಿ ನಷ್ಟವಾದದ್ದು ಹಣ ಮತ್ತು ಮಾನ. ಥೆರಾಕ್-25 ಎಂಬುದರ ವಿಷಯ ಬೇರೆ. ಅದು ಕ್ಯಾನ್ಸರ್ ರೋಗಿಗಳಿಗೆ ಕಿರಣಚಿಕಿತ್ಸೆ ಕೊಡುವ ಯಂತ್ರ. 1985ರಿಂದ 1987ರವರೆಗೆ ಅಮೆರಿಕ, ಕೆನಡಾ ದೇಶಗಳಲ್ಲಿ ಆರು ಮಂದಿಗೆ ಅದು ವಿಪರೀತವಾದ ಕಿರಣವನ್ನು ಹಾಯಿಸಿತು. ಅವರಲ್ಲಿ ಕನಿಷ್ಠ ಮೂವರು ಅದರಿಂದ ಸತ್ತರು. ಒಂದು ಆಸ್ಪತ್ರೆಯಲ್ಲಿ ಯಂತ್ರ ನಡೆಸುವಾಕೆಯು ಕೆಲಸದಲ್ಲಿ ನುರಿತವಳು. ತಪ್ಪಾಗಿ ಒತ್ತಿದ ಅಕ್ಷರವನ್ನು ಬೇಗನೆ ಹಿಂದಿರುಗಿ ತಿದ್ದಿದಳು. ಅಷ್ಟು ಬೇಗನೆ ಯಾರಾದರೂ ತಿದ್ದಿಯಾರೆಂದು ಪ್ರೋಗ್ರಾಮು ಬರೆದವರು ಎಣಿಸಿರಲಿಲ್ಲ. ಪರದೆಯ ಮೇಲೆ ಬಂದದ್ದು ಒಂದು ದೋಷಸಂಖ್ಯೆ ಮಾತ್ರ: 54. ರೋಗಿಗಳು ಸುಟ್ಟಿತೆಂದು ಕೂಗಿಕೊಂಡರು. ಯಂತ್ರದಲ್ಲಿ ಹಾಗಾಗುವುದು ಸಾಧ್ಯವಿಲ್ಲವೆಂದು ಅದನ್ನು ಮಾಡಿದವರು ಮೊದಮೊದಲು ಉತ್ತರ ಕೊಟ್ಟರು. ಮನುಷ್ಯನ ಕೂಗಿಗಿಂತ ಯಂತ್ರದ ಮಾತು ಹೆಚ್ಚಾಯಿತು. ಇಲ್ಲಿ ದುರುಕ್ತವು ಯಂತ್ರದ ಒಳಗೆ ಎಷ್ಟಿತ್ತೋ ಹೊರಗೂ ಅಷ್ಟೇ ಇತ್ತು.

ಇವೆಲ್ಲ ಜಗತ್ತಿಗೆ ತಿಳಿದ ದೊಡ್ಡ ಸಂಗತಿಗಳು. ಇದೇ ಜಾತಿಗೆ ಸೇರಿದ, ಜಗತ್ತಿಗೆ ತಿಳಿಯದ ಒಂದು ಸಣ್ಣ ಸಂಗತಿಯಿದೆ. ಅದು ನಡೆದದ್ದು ತಾಲ್ಲೂಕಿನ ಊರೊಂದರ ಹಳೆಯ ವಾಚನಾಲಯದಲ್ಲಿ.

ಆ ಊರಿನ ತರುಣಿಯೊಬ್ಬಳು ಬೆಂಗಳೂರಿನಲ್ಲಿ ಪ್ರೋಗ್ರಾಮರಾಗಿ ಕೆಲಸದಲ್ಲಿದ್ದಳು. ವಾರದ ಕೊನೆಯಲ್ಲಿ ಅಜ್ಜಿಯನ್ನು ನೋಡಲು ಊರಿಗೆ ಬರುತ್ತಿದ್ದವಳು, ವಾಚನಾಲಯದ ರಾಯರು ಕೇಳಿಕೊಂಡರೆಂದು, ಅಲ್ಲಿನ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಹುಡುಕುವುದಕ್ಕೆ ಒಂದು ಪ್ರೋಗ್ರಾಮನ್ನು ಪ್ರತಿಫಲವಿಲ್ಲದೆ ಬರೆದುಕೊಟ್ಟಳು. ಪುಸ್ತಕಗಳ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಗಿರಲಿಲ್ಲ. ಹಳೆಯ ಪುಸ್ತಕಗಳದ್ದು ಎಂದೋ ಬೇರೊಂದು ಬಗೆಯ ಕನ್ನಡ ಅಕ್ಷರಗಳಲ್ಲಿ ಬೆರಳಚ್ಚಾಗಿತ್ತು. ಅದನ್ನು ಈಗಿನ ಬಗೆಗೆ ಪರಿವರ್ತಿಸಿದ್ದರು. ಹೊಸ ಪುಸ್ತಕಗಳದ್ದನ್ನು ರಾಯರೇ ಒತ್ತಿದ್ದರು. ಎರಡನ್ನೂ ಸೇರಿಸಿ ಪ್ರೋಗ್ರಾಮು ನಡೆಯಿತು. ಊರಿನ ಹಿರಿಯರು ಬಂದು, ಯಂತ್ರವು ಪುಸ್ತಕದ ಬೀರುವನ್ನೂ ಅಡಕೆಯನ್ನೂ ಹೇಳುವುದನ್ನು ಕಂಡು ಸಂತೋಷಪಟ್ಟರು.

ಎರಡು ವಾರ ಕಳೆದಿರಬಹುದು. ಎಂಬತ್ತು ದಾಟಿದ ವೃದ್ಧರೊಬ್ಬರು ಪಕ್ಕದ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ವಾಚನಾಲಯದ ಮೆಟ್ಟಿಲು ಹತ್ತಿದರು. ಅವರ ತಂದೆಯವರು ಸಾಯುವ ಮೊದಲು ತಮ್ಮ ಪುಸ್ತಕಗಳನ್ನೆಲ್ಲ ಅಲ್ಲಿಗೆ ಕೊಟ್ಟಿದ್ದರಂತೆ. ಅದರಲ್ಲಿ ಅವರು ದಿನವೂ ಪಾರಾಯಣ ಮಾಡುತ್ತಿದ್ದ ಗೀತೆಯ ಪುಸ್ತಕವೊಂದಿತ್ತು. ಅಂಚಿನಲ್ಲಿ ಅವರ ಕೈಬರೆಹದ ಟಿಪ್ಪಣಿಯಿತ್ತು. ಅದನ್ನೊಮ್ಮೆ ನೋಡಬೇಕು. ರಾಯರು ‘ಗೀತೆ’ ಎಂದು ಒತ್ತಿದರು. ಈಚೆಗೆ ಬಂದ ಎರಡು ಹೊಸ ಪ್ರತಿಗಳು ಕಂಡವು. ಹಳೆಯದು ಒಂದೂ ಇಲ್ಲ.

“ಇಲ್ಲವಲ್ಲ ಯಜಮಾನರೇ. ಹೊಸದಿದೆ, ಬೇಕಾದರೆ ಕೊಡುತ್ತೇನೆ” ಎಂದರು ರಾಯರು.

ವೃದ್ಧರು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. “ಇರಲಿ ಸ್ವಾಮಿ. ಯಂತ್ರ ಸುಳ್ಳು ಹೇಳುತ್ತದೆಯೇ? ಯಾರೋ ತೆಗೆದುಕೊಂಡು ಹೋಗಿರಬೇಕು” ಎಂದು ಕೊಡೆಯನ್ನು ಊರಿಕೊಂಡು ಮೆಟ್ಟಿಲಿಳಿದು ಹೋದರು. ಮೊದಲಿನ ಕಾಲವಾಗಿದ್ದರೆ ರಾಯರು ಎದ್ದು ಬೀರುಗಳನ್ನು ತಡಕುತ್ತಿದ್ದರು. ಈಗ ತಡಕುವ ಅವಶ್ಯಕತೆಯಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ರಾಯರು ಮಾತಿಗೆ ಮಾತು ಬಂದಾಗ ಇದನ್ನು ಹೇಳಿದರು. ತರುಣಿಯು ಒಳಗೆ ಹೋಗಿ ಹಳೆಯ ಬೀರುವನ್ನು ತೆರೆದಳು. ಪುಸ್ತಕವು ಎರಡನೆಯ ಅಡಕೆಯಲ್ಲಿತ್ತು. ಅಂಚಿನ ತುಂಬ ಸೀಸದಕಡ್ಡಿಯ ಬರೆಹವಿತ್ತು. ಪಟ್ಟಿಯನ್ನು ತೆರೆದು ನೋಡಿದಳು; ‘ಗೀತೆ’ ಎಂದು ಸ್ಪಷ್ಟವಾಗಿ ಬರೆದಿತ್ತು. ಅದೇ ‘ಗೀತೆ’ಯನ್ನು ಒತ್ತಿ ಕೇಳಿದರೆ ಯಂತ್ರವು ಇಲ್ಲವೆನ್ನುತ್ತಿತ್ತು. ಕಣ್ಣಿಗೆ ಕಾಣುವುದನ್ನು ಎದುರಿಗೆ ಇಟ್ಟುಕೊಂಡೇ ಇಲ್ಲವೆನ್ನುವ ಮಾಯಾವಾದವನ್ನು ಶಂಕರಾಚಾರ್ಯರೂ ಇಷ್ಟು ನಿರ್ದಾಕ್ಷಿಣ್ಯವಾಗಿ ನಡೆಸಿದವರಲ್ಲ.

ಶನಿವಾರವೆಲ್ಲ ಹೋಯಿತು. ಭಾನುವಾರ ಮಧ್ಯಾಹ್ನವಾಯಿತು. ಪಡಸಾಲೆಯಲ್ಲಿ ಅಜ್ಜಿಯು ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮೊಮ್ಮಗಳು ಊಟಕ್ಕೂ ಏಳದೆ ಪರದೆಯನ್ನು ದಿಟ್ಟಿಸುತ್ತಿದ್ದಳು.

“ಏನೇ ಅದು, ನಿನ್ನೆಯಿಂದ ಹುಡುಕ್ತಾನೇ ಇದೀಯ?”

“ತಪ್ಪು ಹುಡುಕ್ತಾ ಇದೀನಿ ಅಜ್ಜಿ.”

“ಯಾರದು?”

“ನನ್ನದೇ.”

“ಬೆಂಗಳೂರಲ್ಲೂ ಇದೇ ಕೆಲಸವೇ?”

“ಹೂಂ. ಬಹಳ ಮಟ್ಟಿಗೆ ಇದೇ.”

ಅಜ್ಜಿಯು ಒಂದು ಕಲ್ಲನ್ನು ತೆಗೆದು ಪಕ್ಕಕ್ಕೆ ಹಾಕಿದಳು. “ತನ್ನ ತಪ್ಪು ತಾನು ಹುಡುಕಿಕೊಂಡರೆ ಸಂಬಳ ಬೇರೆ ಕೊಡ್ತಾರೆಯೇ! ನಮ್ಮ ಕಾಲದಲ್ಲಿ ಅತ್ತೆಯರು ಹುಡುಕಿ ಕೊಡ್ತಿದ್ದರು. ಯಾರೂ ಒಂದು ಕಾಸು ಕೊಡಲಿಲ್ಲ. ಏನಾಯಿತು, ನನಗಾದರೂ ಹೇಳು.”

ಪ್ರೋಗ್ರಾಮರುಗಳಲ್ಲಿ ಒಂದು ಆಚಾರವಿದೆ. ತಪ್ಪು ಸಿಕ್ಕದಿದ್ದಾಗ ಮೇಜಿನ ಮೇಲೊಂದು ರಬ್ಬರಿನ ಬಾತುಕೋಳಿಯನ್ನಿಟ್ಟುಕೊಂಡು, ತಾವು ಬರೆದದ್ದನ್ನು ಸಾಲುಸಾಲಾಗಿ ಅದಕ್ಕೆ ವಿವರಿಸುತ್ತಾರೆ. ಬಾತುಕೋಳಿಯು ಏನನ್ನೂ ಹೇಳುವುದಿಲ್ಲ. ಹೇಳುತ್ತ ಹೇಳುತ್ತ ಹೇಳುವವರಿಗೇ ತಪ್ಪು ಹೊಳೆಯುತ್ತದೆ. ಅರ್ಥವಾಗದ ಪಾಠವನ್ನು ಹುಡುಗರಿಗೆ ಹೇಳತೊಡಗಿದ ಮೇಲೆ ತನಗೆ ಅರ್ಥವಾಯಿತೆಂದು ಒಪ್ಪಿಕೊಳ್ಳುವ ಉಪಾಧ್ಯಾಯರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆ ಮನೆಯಲ್ಲಿ ಬಾತುಕೋಳಿ ಇರಲಿಲ್ಲವಾದ್ದರಿಂದ ತರುಣಿಯು ಅಜ್ಜಿಗೇ ಹೇಳಿದಳು: “ಪಟ್ಟಿಯಲ್ಲಿ ಗೀತೆ ಅಂತ ಇದೆ ಅಜ್ಜಿ. ನಾನೂ ಗೀತೆ ಅಂತಲೇ ಕೇಳ್ತೀನಿ. ಎರಡೂ ಒಂದೇ. ಒಂದೊಂದು ಅಕ್ಷರವನ್ನೂ ನೋಡಿದೆ. ಆದರೂ ಬೇರೆ ಬೇರೆ ಅನ್ನುತ್ತೆ.”

“ಗೀ ಸರಿಯಾಗಿ ಬರೆದಿದೀಯ?”

“ಗೀ ಬರೆಯೋದರಲ್ಲಿ ಸರಿ, ತಪ್ಪು ಏನಜ್ಜಿ?”

“ಯಾಕಿಲ್ಲ? ಮರಳ ಮೇಲೆ ಬೆರಳಿಟ್ಟು ತೀಡಿಸ್ತಿದ್ದರು. ಗ ತಲಕಟ್ಟು ಗ. ಇಳಿ ಕೊಟ್ಟರೆ ಗಾ. ಗುಡಿಸು ಕೊಟ್ಟರೆ ಗಿ. ಗುಡಿಸು ಕೊಟ್ಟು ಮುಂದೆ ಒಂದು ದೀರ್ಘ ಎಳೆದರೆ ಗೀ. ದೀರ್ಘ ಮರೆತರೆ ಬೆತ್ತ ಬೀಳ್ತಿತ್ತು. ಗುಡಿಸು ಬೇರೆ, ದೀರ್ಘ ಬೇರೆ.”

ತರುಣಿಯು ಎದ್ದುನಿಂತಳು. ಮೊರದ ಅಂಚು ಕಾಲಿಗೆ ತಗುಲಿ ಅಕ್ಕಿ ಚೆಲ್ಲಿತು.

ಗುಡಿಸು ಬೇರೆ, ದೀರ್ಘ ಬೇರೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಸ್ಥಾನವಿದೆ. ಅದರಲ್ಲಿ ಈಕಾರದ ಚಿಹ್ನೆಗೆ ಒಂದು ಸಂಖ್ಯೆಯುಂಟು. ಇಕಾರದ ಗುಡಿಸಿಗೆ ಬೇರೊಂದು ಸಂಖ್ಯೆಯುಂಟು. ದೀರ್ಘಕ್ಕೆ ಮತ್ತೂ ಬೇರೊಂದುಂಟು. ಹೀಗಾಗಿ ‘ಗೀ’ ಎಂಬುದನ್ನು ಈಕಾರವಿಟ್ಟು ಬರೆಯಬಹುದು. ಗುಡಿಸನ್ನಿಟ್ಟು ಅದರ ಮುಂದೆ ದೀರ್ಘವನ್ನಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಒಂದೇ ರೂಪ. ಯಂತ್ರದ ಲೆಕ್ಕದಲ್ಲಿ ಮೊದಲನೆಯ ‘ಗೀತೆ’ಗೆ ನಾಲ್ಕು ಸಂಖ್ಯೆ, ಎರಡನೆಯ ‘ಗೀತೆ’ಗೆ ಐದು. ಹಳೆಯ ಪಟ್ಟಿಯನ್ನು ಪರಿವರ್ತಿಸಿದಾಗ ಗುಡಿಸೂ ದೀರ್ಘವೂ ಬೇರೆ ಬೇರೆಯಾಗಿಯೇ ಉಳಿದಿದ್ದವು. ರಾಯರು ಒತ್ತುವಾಗ ಈಕಾರವು ಒಂದಾಗಿ ಬರುತ್ತಿತ್ತು. ಇವೆರಡನ್ನೂ ಸಮಾನವೆಂದು ತಿಳಿಯತಕ್ಕದ್ದೆಂದು ಆ ಅಕ್ಷರಪಟ್ಟಿಯ ನಿಯಮವೇ ಹೇಳುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನವನ್ನೂ ಹೇಳುತ್ತದೆ. ಹಾಗೆ ಮಾಡೆಂದು ಯಂತ್ರಕ್ಕೆ ಹೇಳಬೇಕಾಗಿದ್ದವಳು ತರುಣಿ. ಅವಳು ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ತೋರಿರಲೂ ಇಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವುದನ್ನು ಒಂದೇ ಎಂದು ಬೇರೆ ಹೇಳಬೇಕೇ? ದುರುಕ್ತವಲ್ಲ, ಅನುಕ್ತ. ಗೀತೆಯಷ್ಟೇ ಅಲ್ಲ, ಈಕಾರವಿದ್ದ ಹಳೆಯ ಪುಸ್ತಕಗಳೆಲ್ಲವೂ, ಅದೇ ದೀರ್ಘವನ್ನು ಹೊತ್ತ ಏಕಾರ ಓಕಾರಗಳ ಪುಸ್ತಕಗಳೂ, ಎರಡು ವಾರದಿಂದ ಬೀರುವಿನಲ್ಲಿದ್ದುಕೊಂಡೇ ಇಲ್ಲವಾಗಿದ್ದವು.

ತಿದ್ದುವುದಕ್ಕೆ ಬೇಕಾದದ್ದು ಒಂದು ಸಾಲು. ಅದನ್ನು ಬರೆದು ನೋಡಿ, ಚೆಲ್ಲಿದ ಅ‍ಕ್ಕಿಯನ್ನು ಮೊರಕ್ಕೆ ತುಂಬಿ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳು ನಾಲ್ಕು ಗಂಟೆಯ ಬಸ್ಸಿಗೆ ಆ ಹಳ್ಳಿಗೆ ಹೋದಳು. ಬೆಂಗಳೂರಿನ ಬಸ್ಸು ಆ ದಿನ ತಪ್ಪಿತು.

ವೃದ್ಧರು ಜಗಲಿಯ ಮೇಲೆ ಕುಳಿತಿದ್ದರು. ಅವಳು ನಮಸ್ಕಾರ ಮಾಡಿ, “ಪುಸ್ತಕ ಅಲ್ಲಿಯೇ ಇತ್ತು ಅಜ್ಜಾ. ಯಂತ್ರದ ತಪ್ಪಲ್ಲ, ನಾನು ಬರೆದದ್ದರಲ್ಲಿ ತಪ್ಪಿತ್ತು” ಎಂದಳು. ಹುಳುವೆಂದು ಹೇಳಲಿಲ್ಲ.

ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆದರು. ಕನ್ನಡಕವನ್ನು ಹಾಕಿಕೊಂಡು ಅಂಚಿನ ಬರೆಹವನ್ನು ಬೆರಳಿಟ್ಟು ಓದತೊಡಗಿದರು. ಅಲ್ಲಲ್ಲಿ ಒಂದು ಪದವನ್ನು ಬರೆದು, ಹೊಡೆದು, ಮೇಲೆ ಬೇರೊಂದನ್ನು ಬರೆದಿತ್ತು. ಬಹಳ ಹೊತ್ತಾದ ಮೇಲೆ, “ಕೂತುಕೋ ತಾಯಿ, ಮಜ್ಜಿಗೆ ಕುಡಿ. ಪುಸ್ತಕ ಹೋಗಿಬಿಟ್ಟಿತು ಅಂತ ಅಂದುಕೊಂಡಿದ್ದೆ” ಎಂದರು. ತಪ್ಪಿನ ಮಾತನ್ನು ಅವರು ಮತ್ತೆ ಎತ್ತಲೇ ಇಲ್ಲ. ಅಷ್ಟು ದೂರ ಬಂದವಳ ಮನಸ್ಸು ಅವರಿಗೆ ತಿಳಿದಿತ್ತು.

ಯಂತ್ರಕ್ಕೆ ಇದು ಬಾರದು. ಅದರ ಮುಂದೆ ಒಳ್ಳೆಯ ಮನಸ್ಸು ಲೆಕ್ಕಕ್ಕೆ ಬರುವುದಿಲ್ಲ, ಶ್ರಮವೂ ಬರುವುದಿಲ್ಲ, ಹೇಳಿದ ಮಾತೊಂದೇ ಬರುತ್ತದೆ. ಹಾಗಿರುವುದರಿಂದಲೇ ಅದರೊಡನೆ ಬಾಳುವವರಿಗೆ ದಿನವೂ ತಮ್ಮ ಮಾತಿನ ಮುಂದೆ ತಲೆತಗ್ಗಿಸುವ ಪ್ರಸಂಗ ಬರುತ್ತದೆ. ಇತರರಿಗೆ ಈ ಪ್ರಸಂಗವು ವರ್ಷಕ್ಕೊಮ್ಮೆ ಬಂದರೂ ಅವರು ಅದನ್ನು ಬೇರೆಯವರ ಮೇಲೆ ಹಾಕಿ ಪಾರಾಗುತ್ತಾರೆ. ಪ್ರೋಗ್ರಾಮರಿಗೆ ಆ ದಾರಿ ಇಲ್ಲ. ಯಂತ್ರವು ಇಲ್ಲವೆಂದಾಗ ಎದ್ದುಹೋಗಿ ಬೀರುವಿನ ಬಾಗಿಲನ್ನು ತೆರೆದು ನೋಡುವವರು ಊರಿನಲ್ಲಿ ಒಬ್ಬರಾದರೂ ಉಳಿದಿದ್ದರೆ, ಅವರ ತಪ್ಪುಗಳು ತಪ್ಪುಗಳಾಗಿಯೇ ಉಳಿದಾವು, ಅನ್ಯಾಯಗಳಾಗಲಾರವು.

ಮುಂದಿನ ಶನಿವಾರ ತರುಣಿಯು ಊರಿಗೆ ಬಂದಾಗ ರಾಯರು ಬಾಗಿಲಲ್ಲಿಯೇ ಕಾದಿದ್ದರು. “ಈಗ ಎಲ್ಲವೂ ಸಿಕ್ಕುತ್ತದಮ್ಮ. ಆದರೆ ನಾನು ಎರಡನೆಯ ಸಲ ಒತ್ತಿದ್ದ ಹಳೆಯ ಪುಸ್ತಕಗಳಿವೆಯಲ್ಲ, ಮೊದಲು ಒಂದೊಂದೇ ಕಾಣುತ್ತಿದ್ದವು, ಈಗ ಎರಡೆರಡು ಕಾಣುತ್ತಿವೆ” ಎಂದರು.

ಅವಳು ಮನೆಗೆ ಬಂದು ಚೀಲವನ್ನಿಳಿಸಿ ಗೋಡೆಗೊರಗಿ ಕುಳಿತಳು. ಅಜ್ಜಿಯು ಅವಳ ಮುಖವನ್ನು ನೋಡಿ ಏನನ್ನೂ ಕೇಳಲಿಲ್ಲ. ಅಕ್ಕಿಯ ಮೊರವನ್ನು ಈ ಸಲ ಮೊದಲೇ ದೂರಕ್ಕೆ ಸರಿಸಿಟ್ಟುಕೊಂಡು, “ಹೂಂ, ಹೇಳು” ಎಂದಳು.